ಅಗ್ಗದ ಟಿಕೆಟ್ ನಿಜಕ್ಕೂ ಅಗ್ಗಾನಾ?

ಎಂ.ಎಸ್.ಗೆ ಹೊರಡೋರು ಮೊದಲು ಹುಡುಕೋದೇ ಕಡಿಮೆ ದರದ ಟಿಕೆಟ್. ತಪ್ಪೇನಿಲ್ಲ, ಸಾಲದ ಪ್ರತಿ ರೂಪಾಯಿಗೂ ಬಡ್ಡಿ ಇದೆ. ಆದರೆ ಬೆಂಗಳೂರಿಂದ ದೋಹಾಗೆ ಒಂದು, ಅಲ್ಲಿಂದ ಚಿಕಾಗೋಗೆ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ತಗೊಳ್ಳೋದು ಉಳಿತಾಯ ಅಲ್ಲ, ಜೂಜು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮ ಜೇಬಿಂದ. ಬ್ಯಾಗ್ ಇಳಿಸಿ ಮತ್ತೆ ಚೆಕ್-ಇನ್ ಮಾಡೋಕೆ ನಡುವಿನ ದೇಶದ ವೀಸಾನೂ ಬೇಕಾಗಬಹುದು. ಒಂದೇ ಪಿಎನ್‌ಆರ್ ಆದರೆ, ತಡವಾದಾಗ ಮುಂದಿನ ವಿಮಾನ ಕೊಡಿಸೋದು ವಿಮಾನ ಕಂಪನಿಯ ಹೊಣೆ.

ಇಳಿದ ಮೇಲೂ ಇದೇ ಕತೆ. ಕಾರ್ಡ್ ಮಷೀನ್ ‘ರೂಪಾಯಿಯೋ, ಡಾಲರೋ?’ ಅಂತ ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಅಂದರೆ ವಿನಿಮಯ ದರ ಅವರದು, ಸಾಮಾನ್ಯವಾಗಿ ನಷ್ಟ ನಿಮ್ಮದು.

ಸ್ಕ್ರೀನ್ ಮೇಲಿನ ಬೆಲೆ ಬಿಡಿ. ಮನೆ ಬಾಗಿಲಿಂದ ರೂಮಿನ ಬಾಗಿಲವರೆಗಿನ ಖರ್ಚು ಬರೆದು ಹೋಲಿಸಿ. ಆಮೇಲೆ ಬುಕ್ ಮಾಡಿ.