ಪಟದ ಹಿಂಬದಿ

ಓಲೆಯ ಗ್ರಂಥವನ್ನು ನೋಡಿ ಇನ್ನೊಂದು ಪ್ರತಿಯನ್ನು ಬರೆಯುವಾಗ ಲಿಪಿಕಾರನು ಎಲ್ಲಿ ಕಣ್ತಪ್ಪುತ್ತಾನೆ, ಎಲ್ಲಿ ತಿದ್ದುವ ಆಸೆಗೆ ವಶನಾಗುತ್ತಾನೆ ಎಂಬುದನ್ನು ಹಲವು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಬೋಧಿಸುತ್ತ ಬಂದಿದ್ದೇನೆ. ನಾನೇ ಒಂದು ದಿನ ಅಂಥ ಪ್ರತಿಕಾರನಾಗುವೆನೆಂದು ಎಣಿಸಿರಲಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ, ನನ್ನಿವಾಳದ ನಮ್ಮ ಮನೆಯ ಅಟ್ಟದಿಂದ ಚಿಕ್ಕಪ್ಪನವರ ತಗಡಿನ ಪೆಟ್ಟಿಗೆ ಕೆಳಗಿಳಿದಾಗ ಆ ಯೋಗವೂ ಒದಗಿತು.

ಚಿಕ್ಕಪ್ಪನವರು ಶಾಲೆಯ ಉಪಾಧ್ಯಾಯರಾಗಿದ್ದರು. ಸಂಬಳದಲ್ಲಿ ಉಳಿಸಿ ಒಂದು ಕ್ಯಾಮೆರಾ ಕೊಂಡಿದ್ದರು. ಪೆಟ್ಟಿಗೆಯಲ್ಲಿ ಕಪ್ಪು-ಬಿಳುಪಿನ ಪಟಗಳ ಕಟ್ಟುಗಳೂ, ಕಾಗದದ ಲಕೋಟೆಗಳಲ್ಲಿ ನೆಗೆಟಿವ್ ತುಂಡುಗಳೂ, ಒಂದು ಡಬ್ಬಿಯಲ್ಲಿ ಬಣ್ಣದ ಸ್ಲೈಡುಗಳೂ ಇದ್ದವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಸ್ಲೈಡುಗಳಲ್ಲಿ ನೀಲಿಯ ಅಂಶ ಮಾಸಿ, ನಮ್ಮೂರಿನ ಆಕಾಶವೆಲ್ಲ ಕೆಂಪಾಗಿ ಹೋಗಿತ್ತು. ಇವನ್ನು ಹೀಗೆಯೇ ಬಿಟ್ಟರೆ ಇನ್ನು ಹತ್ತು ವರ್ಷಕ್ಕೆ ಏನೂ ಉಳಿಯದೆಂದು ತೋರಿ, ಮುಚ್ಚಳದಲ್ಲಿಯೂ ದೀಪವಿರುವ ಒಂದು ಸ್ಕ್ಯಾನರನ್ನು ಕೊಂಡು ತಂದೆ. ಕಾಗದದ ಪಟಕ್ಕೆ ಕೆಳಗಿನ ಬೆಳಕು ಸಾಕು. ಫಿಲ್ಮಿಗೆ ಮಾತ್ರ ಮೇಲಿನಿಂದ ಬೆಳಕು ಹಾಯಬೇಕು.

ಕೆಲಸ ಕಠಿನವಲ್ಲ, ತಾಳ್ಮೆ ಬೇಡುವಂಥದು. ಪಟಕ್ಕೆ ಅಂಗುಲಕ್ಕೆ 600 ಚುಕ್ಕೆ ಧಾರಾಳವಾಯಿತು. 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ನೆಗೆಟಿವ್ ಚೌಕಕ್ಕೆ 2400 ಬೇಕು. ಆಗ ಸುಮಾರು 77 ಲಕ್ಷ ಚುಕ್ಕೆಗಳ ಚಿತ್ರ ದೊರೆಯುತ್ತದೆ. ಫಿಲ್ಮಿನ ಮೇಲಿನ ಧೂಳನ್ನು ಅವಕೆಂಪು ಕಿರಣದಿಂದ ಗುರುತಿಸಿ ಅಳಿಸುವ ಸೌಕರ್ಯ ಕೆಲವು ಯಂತ್ರಗಳಲ್ಲಿದೆ. ಆದರೆ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಬಿಂಬವೇ ಬೆಳ್ಳಿಯ ಕಣಗಳಿಂದ ಆದದ್ದು. ಆ ಕಿರಣಕ್ಕೆ ಧೂಳೂ ಒಂದೇ, ಮುಖವೂ ಒಂದೇ. ಆದಕಾರಣ ಮೆದುವಾದ ಕುಂಚ ಹಿಡಿದು ಕೈಯಿಂದಲೇ ಒರಸಬೇಕು. ನಮ್ಮ ಸೀಮೆಯ ಗಾಳಿಯನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಮೂರನೆಯ ದಿನ ಹಟ್ಟಿಯ ಹಿರಿಯರೊಬ್ಬರು ಬಂದು ಜಗಲಿಯ ಮೇಲೆ ಕುಳಿತರು. ಪರದೆಯ ಮೇಲೆ ಆಗ ದೇವರ ಎತ್ತುಗಳ ಪಟವಿತ್ತು. ನನ್ನಿವಾಳವು ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದು. ದೇವರಿಗೆ ಬಿಟ್ಟ ಎತ್ತುಗಳಿಗೆ ನೊಗ ಹೂಡುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಪಟದಲ್ಲಿ ಎತ್ತುಗಳ ಪಕ್ಕದಲ್ಲಿ ಕಂಬಳಿ ಹೊದ್ದು, ಬರಿಗಾಲಲ್ಲಿ ಒಬ್ಬಾತ ನಿಂತಿದ್ದ. ಹಿಂಬದಿಯಲ್ಲಿ ಚಿಕ್ಕಪ್ಪನವರು 'ದೇವರ ಎತ್ತು' ಎಂದಷ್ಟೇ ಬರೆದಿದ್ದರು.

"ಇವರು ಯಾರು ತಾತ, ಗುರುತು ಸಿಕ್ಕುತ್ತದೆಯೆ?" ಎಂದೆ.

ಹಿರಿಯರು ಬಹಳ ಹೊತ್ತು ನೋಡಿದರು. "ನಮ್ಮಪ್ಪ ಕಣಪ್ಪಾ. ಕಿಲಾರಿ ಆಗಿದ್ದಾಗಿಂದು. ಆ ಮುಖ ನಂಗೆ ಮರ್ತೇ ಹೋಗಿತ್ತು" ಎಂದರು.

ಆಮೇಲೆ ಎತ್ತುಗಳ ಹಿಂದಿನ ಹುಲ್ಲಿನ ಇಳಿಜಾರನ್ನೂ ಗುರುತಿಸಿ, ಅದು ಈಗ ಗೋಡೆಯ ಆಚೆಗಿದೆ ಎಂದರು. ಮೈಸೂರರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ನಮ್ಮ ಸುತ್ತಿನ ಕಾವಲುಗಳಲ್ಲಿ, ಕುದಾಪುರ, ವರವು, ಉಳ್ಳಾರ್ತಿಗಳ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆ ನೆಲ ಹೇಗಿತ್ತೆಂಬುದಕ್ಕೆ ನಮ್ಮ ಮನೆಯಲ್ಲಿ ಉಳಿದಿದ್ದ ಸಾಕ್ಷಿ ಈ ಅಂಗೈಯಗಲದ ಪಟವೊಂದೇ.

ಮುಂದಿನ ಪಟದಲ್ಲಿ ಏಳು ಮಂದಿ ಹೆಂಗಸರು ಸಾಲಾಗಿ ನಿಂತಿದ್ದರು. ಹಿರಿಯರು ತಲೆಯಾಡಿಸಿದರು. "ಇವರ್ನೆಲ್ಲ ಬಲ್ಲೋಳು ನಮ್ಮಕ್ಕ. ಹೋದ ವರ್ಷ ತೀರ್ಕಂಡ್ಲು."

ಈ ಮಾತು ನನ್ನನ್ನು ಇಂದಿಗೂ ಬಾಧಿಸುತ್ತಿದೆ. ಪೆಟ್ಟಿಗೆ ಅಟ್ಟದ ಮೇಲೆ ಎಷ್ಟೋ ವರ್ಷ ಕುಳಿತಿತ್ತು. ಒಂದು ವರ್ಷ ಮುಂಚೆ ನಾನು ಏಣಿ ಹತ್ತಿದ್ದರೆ ಏಳು ಹೆಸರುಗಳು ಉಳಿಯುತ್ತಿದ್ದವು. ಬೂಷ್ಟು ಪಟವನ್ನು ತಿನ್ನಲು ಹಲವು ದಶಕ ತೆಗೆದುಕೊಳ್ಳುತ್ತದೆ. ಹೆಸರಿಗೆ ಅಷ್ಟು ವ್ಯವಧಾನವಿಲ್ಲ.

ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದು ವಾಚಕರಿಗೆ ತಿಳಿದದ್ದೇ, 1892ರಲ್ಲಿ ಬಿ. ಎಲ್. ರೈಸರು ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ, ಅದನ್ನು ಬರೆದ ಚಪಡನು ತನ್ನ ಹೆಸರನ್ನು ಬರೆದು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಜೊತೆಗೆ ಒಬ್ಬ ಬರಹಗಾರನ ಹೆಸರು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬದುಕಿತು. ನಮ್ಮ ತಾಯಂದಿರ ತಲೆಮಾರಿನ ಹೆಸರುಗಳು ಒಂದು ತಲೆಮಾರನ್ನೂ ದಾಟುತ್ತಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಯಂತ್ರ ತೆಗೆದುಕೊಡುವುದು ಪಟದ ಮುಂಬದಿಯನ್ನು; ನಾವು ಉಳಿಸಬೇಕಾದದ್ದು ಹಿಂಬದಿಯನ್ನೂ ಹೌದು. ಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡತಕ್ಕದ್ದು. ಇಲ್ಲದಿದ್ದರೆ ಹಿರಿಯರನ್ನು ಕೇಳಿ, ಹೇಳಿದವರ ಹೆಸರು, ದಿನಾಂಕಗಳೊಡನೆ ಬರೆದಿಡತಕ್ಕದ್ದು. ಎರಡನೆಯದಾಗಿ, ಮೊದಲ ಪ್ರತಿಯನ್ನು ತಿದ್ದಬಾರದು. ಮಾಸಿದ್ದಕ್ಕೆ ಬಣ್ಣ ತುಂಬಿ, ಮುಖದ ಸುಕ್ಕನ್ನು ಅಳಿಸಿ ಕೊಡುವ ತಂತ್ರಾಂಶಗಳು ಇಂದು ಎಲ್ಲರ ಕೈಯಲ್ಲಿವೆ. ಅವು ಮೂಲಪಾಠವನ್ನು ತಮಗೆ ತೋಚಿದಂತೆ ತಿದ್ದುವ ಅತಿಜಾಣ ಲಿಪಿಕಾರರು. ತಿದ್ದಿದ ಪ್ರತಿ ಬೇಕಾದರೆ ಪಾಠಾಂತರವಾಗಿ ಬೇರೆ ಇರಲಿ. ಮೂರನೆಯದಾಗಿ, ಪ್ರತಿಯಾಯಿತೆಂದು ಮೂಲವನ್ನು ತಿಪ್ಪೆಗೆ ಎಸೆಯಬಾರದು. ಗಣಕದ ತಟ್ಟೆ ಕೆಡುವುದಕ್ಕೆ ಒಂದು ಗಳಿಗೆ ಸಾಕು.

ಕೈಯಲ್ಲಿ ಮೊಬೈಲಿರುವಾಗ ಇದೆಲ್ಲ ಯಾತಕ್ಕೆಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಏನೂ ಇಲ್ಲದಿರುವುದಕ್ಕಿಂತ ಅದೂ ಲೇಸು. ಆದರೆ ಹೊಳಪು, ನೆರಳು, ಓರೆಗಳು ಸೇರಿದ ಆ ಚಿತ್ರ ಅವಸರದ ನಕಲು. ಒಂದು ಸ್ಕ್ಯಾನರಿನ ಬೆಲೆ ಕಾಲೇಜಿನ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗಿಂತ ಬಹಳ ಹೆಚ್ಚಲ್ಲ. ಪ್ರತಿಯೊಂದು ಕನ್ನಡ ವಿಭಾಗವೂ ಒಂದನ್ನು ಇಟ್ಟುಕೊಂಡು, ರಜೆಯಲ್ಲಿ ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳುಹಿಸಲಿ. ಮನೆಯವರ ಒಪ್ಪಿಗೆಯಿಲ್ಲದೆ ಯಾವ ಪಟವೂ ಹೊರಬರಬಾರದು. ಒಂದು ಪ್ರತಿ ಆ ಮನೆಗೇ ಮರಳಬೇಕು. ಜನಪದ ಗೀತೆಗಳನ್ನು ಹಟ್ಟಿಹಟ್ಟಿ ಅಲೆದು ಬರೆದುಕೊಂಡ ಹಿರಿಯರ ಶ್ರಮಕ್ಕೆ ಹೋಲಿಸಿದರೆ ಇದು ಹಗುರವಾದ ಕೆಲಸ.

ಕಿಲಾರಿಯ ಪಟವನ್ನು ಅಚ್ಚು ಹಾಕಿಸಿ ಹಿರಿಯರಿಗೆ ಕೊಟ್ಟಿದ್ದೇನೆ. ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಅವರ ತಂದೆಯ ಹೆಸರಿದೆ. ಆ ಏಳು ಮಂದಿಯಲ್ಲಿ ಕೆಲವರನ್ನಾದರೂ ಬಲ್ಲ ಅಜ್ಜಿಯೊಬ್ಬರು ಗೌರಸಮುದ್ರದ ಕಡೆ ಇದ್ದಾರೆಂದು ನಮ್ಮ ಅವ್ವ ಹೇಳುತ್ತಾಳೆ. ಮುಂದಿನ ಭಾನುವಾರ ಪಟವನ್ನು ತೆಗೆದುಕೊಂಡು ಅಲ್ಲಿಗೆ ಹೊರಟಿದ್ದೇನೆ.