ಡಿಫಾಲ್ಟ್ ದೇವರಲ್ಲ

ಸಂದರ್ಶನಕ್ಕೆ ಬರೋ ನೆಟ್‌ವರ್ಕ್ ಎಂಜಿನಿಯರುಗಳಿಗೆ ನಾನೊಂದು ಪ್ರಶ್ನೆ ಕೇಳ್ತೀನಿ. ಹೊರಗಿನ ಒಂದೇ ನೆಟ್‌ವರ್ಕಿಗೆ ನಮ್ಮ ಎರಡು ಗಡಿ ರೌಟರುಗಳು ದಾರಿ ಹೇಳ್ತಿವೆ. ಓಎಸ್‌ಪಿಎಫ್ ಯಾವುದನ್ನು ಆರಿಸುತ್ತೆ? ‘ಕಾಸ್ಟ್ ಕಡಿಮೆ ಇರೋದನ್ನ ಸಾರ್’ ಅಂತ ಥಟ್ಟನೆ ಉತ್ತರ. ಯಾವ ಕಾಸ್ಟು ಮಾರಾಯ, ಒಳಗಿನದಾ ಹೊರಗಿನದಾ? ಅಲ್ಲಿಗೆ ಮೌನ. ನನ್ನ ತಕರಾರು ಈ ಮೌನದ ಮೇಲೆ.

ವಿಷಯವೇನೂ ಬ್ರಹ್ಮವಿದ್ಯೆಯಲ್ಲ. ಊರಾಚೆ ಹೋಗೋಕೆ ಎರಡು ಟೋಲ್ ಗೇಟ್ ಇವೆ ಅಂದ್ಕೊಳ್ಳಿ. ಟೈಪ್ 1 ದಾರಿ ಮನೆಯಿಂದ ಗೇಟಿನವರೆಗಿನ ಪೆಟ್ರೋಲನ್ನೂ ಗೇಟಿನ ಟೋಲನ್ನೂ ಕೂಡಿಸಿ ಲೆಕ್ಕ ಹಾಕುತ್ತೆ. ಟೈಪ್ 2 ಮೊದಲು ಟೋಲ್ ಮಾತ್ರ ನೋಡುತ್ತೆ. ಎರಡೂ ಕಡೆ ಟೋಲ್ ಸಮ ಇದ್ದರೆ ಮಾತ್ರ ಅದಕ್ಕೆ ಪೆಟ್ರೋಲಿನ ನೆನಪಾಗೋದು. ಒಂದು ಗೇಟು ಟೈಪ್ 1, ಇನ್ನೊಂದು ಟೈಪ್ 2 ಆಗಿದ್ದರೆ ಹೋಲಿಕೆಯೇ ಇಲ್ಲ. ಖರ್ಚು ಎಷ್ಟೇ ಇರಲಿ, ಟೈಪ್ 1 ಗೆಲ್ಲುತ್ತೆ.

ಈ ಕೊನೆಯ ಸಾಲನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಿಂದೊಂದು ಕಂಪನಿಯಲ್ಲಿ ಗ್ರಾಹಕರ ಸರ್ವರುಗಳಿಗೆ ಬೆಂಗಳೂರಿನಲ್ಲೊಂದು, ಚೆನ್ನೈನಲ್ಲೊಂದು ಬಾಗಿಲಿತ್ತು. ಎರಡೂ ಟೈಪ್ 2, ಎರಡರದ್ದೂ ಮೆಟ್ರಿಕ್ 20. ಎಲ್ಲರೂ ತಮಗೆ ಹತ್ತಿರದ ಬಾಗಿಲಿಗೆ ಹೋಗ್ತಿದ್ದರು, ಎಲ್ಲ ಸುಸೂತ್ರ. ‘ಟೈಪ್ 1 ಒಳ್ಳೇದಂತೆ’ ಅಂತ ಒಂದು ರಾತ್ರಿ ಚೆನ್ನೈ ರೌಟರನ್ನು ಬದಲಾಯಿಸಿದೆವು. ಬೆಂಗಳೂರಿನದ್ದು ಮುಂದಿನ ವಾರ ಮಾಡೋಣ ಅಂತ ಬಿಟ್ಟೆವು. ಬೆಳಗ್ಗೆ ನೋಡಿದರೆ ಮೈಸೂರಿನ ಟ್ರಾಫಿಕ್ ಬೆಂಗಳೂರಿನ ಕೋರ್ ರೌಟರಿನವರೆಗೂ ಬಂದು, ಪಕ್ಕದ ರ‍್ಯಾಕಿನಲ್ಲೇ ಇದ್ದ ಬಾಗಿಲನ್ನು ಬಿಟ್ಟು ಚೆನ್ನೈಗೆ ಓಡ್ತಾ ಇದೆ! ಚೆನ್ನೈ ದಾರಿಯ ಒಟ್ಟು ಕಾಸ್ಟ್ 80, ಬೆಂಗಳೂರಿನದ್ದು 20. ಲಿಂಕ್ ತುಂಬಿ ತುಳುಕಿ ಗ್ರಾಹಕರು ಫೋನಿನಲ್ಲಿ ಕೂಗಾಡುವಾಗ, ‘ಪ್ರೋಟೋಕಾಲ್ ಬಗ್ ಇರಬೇಕು’ ಅಂದವರಲ್ಲಿ ನಾನೂ ಒಬ್ಬ. ಬಗ್ ಇದ್ದದ್ದು ನಮ್ಮ ತಲೆಯಲ್ಲಿ.

‘ಟೈಪ್ 2ರಲ್ಲೂ ಮೆಟ್ರಿಕ್ ಸಮ ಇದ್ದರೆ ಹತ್ತಿರದ ಬಾಗಿಲೇ ಸಿಗುತ್ತಲ್ಲ, ಮತ್ತೇನು ಗಲಾಟೆ?’ ಅಂತ ಕೇಳೋರಿದ್ದಾರೆ. ನಿಜ, ಸಿಗುತ್ತೆ. ಅದೇ ಅಪಾಯ. ವರ್ಷಗಟ್ಟಲೆ ಅದು ಟೈಪ್ 1ರ ವೇಷ ಹಾಕ್ಕೊಂಡೇ ಇರುತ್ತೆ. ಯಾರೋ ಒಬ್ಬರು ‘ಈ ಬಾಗಿಲಿಗೆ ಸ್ವಲ್ಪ ಆದ್ಯತೆ ಇರಲಿ’ ಅಂತ ಒಂದು ಕಡೆ 20 ಇದ್ದದ್ದನ್ನು 19 ಮಾಡಿದ ದಿನ ವೇಷ ಕಳಚುತ್ತೆ. ಒಳಗಿನ ದೂರ ಎಷ್ಟಿದ್ದರೂ ಆ ಒಂದು ಅಂಕಿಯ ಮುಂದೆ ಅದಕ್ಕೆ ಬೆಲೆಯಿಲ್ಲ. ‘ಸ್ವಲ್ಪ ಆದ್ಯತೆ’ ಅನ್ನೋದು ಟೈಪ್ 2ರ ಭಾಷೆಯಲ್ಲೇ ಇಲ್ಲ.

ಹಾಗಂತ ಟೈಪ್ 2 ಮಾಡಿದವರು ದಡ್ಡರಲ್ಲ. ಜಾನ್ ಮಾಯ್ ಬರೆದ, 1998ರ ಆರ್‌ಎಫ್‌ಸಿ 2328ರಲ್ಲಿ ಅದರ ಹಿಂದಿನ ಊಹೆ ಸ್ಪಷ್ಟವಾಗೇ ಇದೆ: ಪ್ಯಾಕೆಟ್ಟಿನ ಪ್ರಯಾಣದ ಮುಖ್ಯ ಖರ್ಚು ಹೊರಗಿನದು, ಒಳಗಿನದು ಅದರ ಮುಂದೆ ಲೆಕ್ಕಕ್ಕಿಲ್ಲ. ಒಂದು ಮುಖ್ಯ ಲಿಂಕ್, ಒಂದು ದುಬಾರಿ ಬ್ಯಾಕಪ್ ಇದ್ದಾಗ ಇದು ಸರಿಯೇ. ಒಂದಕ್ಕೆ 10, ಇನ್ನೊಂದಕ್ಕೆ 100 ಕೊಡಿ. ಮುಖ್ಯ ಲಿಂಕ್ ಇರೋವರೆಗೆ ಯಾರೂ ಬ್ಯಾಕಪ್ ಮುಟ್ಟಲ್ಲ. ಆದರೆ ನಮ್ಮ ಕಂಪನಿಗಳಲ್ಲಿ ‘ಹೊರಗೆ’ ಅನ್ನೋದು ಎಷ್ಟೋ ಸಲ ಪಕ್ಕದ ಫೈರ್‌ವಾಲ್ ಅಥವಾ ಖರೀದಿಸಿದ ಇನ್ನೊಂದು ಕಂಪನಿಯ ನೆಟ್‌ವರ್ಕು. ಅಲ್ಲಿ ಈ ಊಹೆ ನಿಲ್ಲಲ್ಲ.

ಆದರೂ ಯಾರೂ ಯೋಚಿಸಲ್ಲ, ಯಾಕಂದ್ರೆ ಯೋಚಿಸಬೇಕಿಲ್ಲ. ಸಿಸ್ಕೋ ರೌಟರಿನಲ್ಲಿ ಸ್ಟ್ಯಾಟಿಕ್ ದಾರಿಗಳನ್ನು ಓಎಸ್‌ಪಿಎಫ್‌ಗೆ ತುಂಬಿಸಿ ಏನೂ ಹೇಳದಿದ್ದರೆ ಅದು ಟೈಪ್ 2, ಮೆಟ್ರಿಕ್ 20. ತಪ್ಪು ಸಿಸ್ಕೋದಲ್ಲ, ಏನೋ ಒಂದು ಅಂಕಿ ಇಡಲೇಬೇಕಲ್ಲ. ತಪ್ಪು ನಮ್ಮದು. ಉತ್ತರದ ಜಾಗ ಖಾಲಿ ಬಿಟ್ಟು ‘ಡಿಸೈನ್’ ಅಂತ ಹೆಸರಿಟ್ಟವರು ನಾವು.

ನನ್ನ ಬೇಡಿಕೆ ಸಣ್ಣದು. ಎರಡು ಬಾಗಿಲಿದ್ದು ಹತ್ತಿರದ್ದು ಬೇಕಿದ್ದರೆ ಟೈಪ್ 1 ಅಂತ ಬರೆಯಿರಿ. ಟೈಪ್ 2 ಬೇಕಿದ್ದರೆ ಅದನ್ನೂ ಬರೆಯಿರಿ, ಜೊತೆಗೆ ಯಾಕೆ ಅಂತ ಒಂದು ಸಾಲು. ಒಂದೇ ದಾರಿಗೆ ಎರಡನ್ನೂ ಬೆರೆಸಬೇಡಿ, ಒಂದು ವಾರದ ಮಟ್ಟಿಗೂ. ಸೋಮವಾರ ಆಫೀಸಿಗೆ ಹೋಗಿ ರೌಟಿಂಗ್ ಟೇಬಲ್ ತೆಗೆದು ನೋಡಿ. ಸಾಲುಸಾಲಾಗಿ ಇ2, 20 ಕಂಡರೆ ಇದನ್ನು ನಿರ್ಧರಿಸಿದ್ದು ಯಾರು ಅಂತ ಕೇಳಿ. ‘ಯಾರೂ ಅಲ್ಲ’ ಅನ್ನೋ ಉತ್ತರ ಬಂದರೆ, ರಾತ್ರಿ ಎರಡು ಗಂಟೆಯ ಆ ಫೋನು ನಿಮಗೇ ಬರುತ್ತೆ.