“ಊರು ಕೆಟ್ಟಿತು” ಅನ್ನುವ ಮೊದಲು



ಈ ಸಲ ಬಂದ ಕಾಗದಗಳಲ್ಲಿ ತಿಪಟೂರು ಕಡೆಯ ಸೋದರಿಯೊಬ್ಬರ ಕಾಗದ ನನ್ನನ್ನು ಎರಡು ದಿನ ಕಾಡಿತು. ಅವರ ಮಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಫ್ಲ್ಯಾಟ್ ನೋಡಿದ್ದಾನಂತೆ. ಬ್ಯಾಂಕಿನ ಸಾಲ ಸಾಲದು, ತೆಂಗಿನ ತೋಟದಲ್ಲಿ ಒಂದು ಭಾಗ ಮಾರಿ ಕೊಡಿ ಅಂತ ಕೇಳುತ್ತಿದ್ದಾನೆ. ಯಜಮಾನರಿಗೆ ಅರ್ಧ ಮನಸ್ಸು. ಇತ್ತ, ಮೂವತ್ತು ವರ್ಷದಿಂದ ಅಲ್ಲೇ ಸಂಸಾರ ಮಾಡಿಕೊಂಡಿರುವ ನಾದಿನಿ ಫೋನು ಮಾಡಿದಾಗಲೆಲ್ಲ, “ಬೇಡ ಅತ್ತಿಗೆ, ಈ ಊರು ಕೆಟ್ಟುಹೋಯ್ತು. ಎಲ್ಲೆಲ್ಲಿಂದಲೋ ಬಂದ ಜನ. ನಮ್ಮೋರು ಅಂತ ಒಬ್ರೂ ಉಳಿದಿಲ್ಲ” ಅನ್ನುತ್ತಾರಂತೆ. “ಮಗನ ಮಾತು ಕೇಳಲೇ, ನಾದಿನಿಯ ಮಾತು ಕೇಳಲೇ?” ಎಂದು ಸೋದರಿ ಕೇಳಿದ್ದಾರೆ.

ತೋಟ ಮಾರುವುದೆಂದರೆ ಹಳೇ ಪಾತ್ರೆ ಹಾಕಿ ಹೊಸದು ತಂದಷ್ಟು ಸುಲಭವೇ? ಮರ ಹೋದರೆ ಹೋಯಿತು. ಆದ್ದರಿಂದ ನಾಲ್ಕು ಮಾತಿನಲ್ಲಿ ಉತ್ತರ ಮುಗಿಸುವ ಧೈರ್ಯ ನನಗಾಗಲಿಲ್ಲ. ಮೊದಲು ನಾದಿನಿಯ ಮಾತನ್ನೇ ಹಿಡಿದು ನೋಡೋಣ. ಊರು ಕೆಟ್ಟಿತು ಅಂತಾರಲ್ಲ, ಯಾವಾಗ ಕೆಟ್ಟಿತು? ಯಾರಿಂದ ಕೆಟ್ಟಿತು?

ವೈಟ್‌ಫೀಲ್ಡ್‌ಗೆ ಆ ಹೆಸರು ಬಂದದ್ದು ಡಿ. ಎಸ್. ವೈಟ್ ಎಂಬುವರಿಂದ. ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ ಕಟ್ಟಿದವರು. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಈ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬಂದು, ಬೇಸಾಯ ಮಾಡಿಕೊಂಡು ನೆಲೆಸಲಿ ಎಂಬುದು ಉದ್ದೇಶ. ನಡುವೆ ದುಂಡನೆಯ ಬೀದಿ, ಅದರ ಸುತ್ತ ಹೆಂಚಿನ ಮನೆಗಳು, ಮನೆಯ ಸುತ್ತ ತೋಟ. ಆ ದುಂಡು ಬೀದಿಗೆ ಇವತ್ತಿಗೂ ‘ಇನ್ನರ್ ಸರ್ಕಲ್’ ಎಂದೇ ಹೆಸರು. 1947ರ ನಂತರ ಆ ಸಮುದಾಯದ ಎಷ್ಟೋ ಮಂದಿ ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟುಹೋದರು. ಉಳಿದ ಅಜ್ಜಿಯರು ಜಗುಲಿಯಲ್ಲಿ ಕೂತು, “ಮೊದಲಿನ ಊರಲ್ಲ ಇದು” ಎಂದು ಹೇಳಿರದೆ ಇರುತ್ತಾರೆಯೇ?

ಅದರ ಸುತ್ತ ಕಾಡುಗೋಡಿ, ಹಗದೂರು, ಇಮ್ಮಡಿಹಳ್ಳಿ, ವರ್ತೂರು ಇವೆಲ್ಲ ಹಳ್ಳಿಗಳು. ಕನ್ನಡವೂ ತೆಲುಗೂ ಆಡುವ ಒಕ್ಕಲು ಜನ, ರಾಗಿಯ ಹೊಲ, ಕೆರೆಯ ಕೆಳಗೆ ಗದ್ದೆ. ಆಮೇಲೆ ಕಾರ್ಖಾನೆ ಕೆಲಸದವರು ಅಗ್ಗದ ಸೈಟು ಹುಡುಕಿಕೊಂಡು ಬಂದರು. 1990ರ ದಶಕದಲ್ಲಿ ‘ಐಟಿಪಿಎಲ್’ ಎಂಬ ಕಂಪ್ಯೂಟರ್ ಕಂಪನಿಗಳ ದೊಡ್ಡ ಆವರಣ ಎದ್ದಿತು. ಅದರ ಹಿಂದೆಯೇ ಫ್ಲ್ಯಾಟುಗಳು, ಫ್ಲ್ಯಾಟು ಕಟ್ಟುವವರ ತಗಡಿನ ಶೆಡ್ಡುಗಳು, ಹುಡುಗ ಹುಡುಗಿಯರ ಪಿ.ಜಿ.ಗಳು. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 29 ಲಕ್ಷ. 2011ರಲ್ಲಿ ಸುಮಾರು 85 ಲಕ್ಷ. ಮೂವತ್ತೇ ವರ್ಷ!

ಈಗ ಯೋಚಿಸಿ. ದುಂಡು ಬೀದಿಯ ಅಜ್ಜಿಗೆ ಕಾರ್ಖಾನೆಯವರು ಹೊರಗಿನವರು. ಹಳ್ಳಿಯವರಿಗೆ ಸೈಟಿನವರು ಹೊರಗಿನವರು. ಸೈಟಿನವರಿಗೆ ಫ್ಲ್ಯಾಟಿನವರು, ಫ್ಲ್ಯಾಟಿನವರಿಗೆ ಶೆಡ್ಡಿನವರು. ಬಸ್ಸಿನಲ್ಲಿ ಸೀಟು ಸಿಕ್ಕವರು ಮುಂದಿನ ಸ್ಟಾಪಿನಲ್ಲಿ ಹತ್ತುವವರನ್ನು ನೋಡಿ ಮುಖ ಗಂಟಿಕ್ಕಿಕೊಳ್ಳುವುದಿಲ್ಲವೇ, ಹಾಗೆ! ಮೂವತ್ತು ವರ್ಷದ ಹಿಂದೆ ಆ ನಾದಿನಿ ಅಲ್ಲಿ ಹಾಲುಕ್ಕಿಸಿದ ದಿನ, ಪಕ್ಕದ ಹೊಲದ ಗೌಡಮ್ಮನೂ ಇದನ್ನೇ ಗೊಣಗಿರಬಹುದು.

ಹಾಗಂತ ನಾದಿನಿ ಹೇಳುವುದು ಸುಳ್ಳು ಅನ್ನುತ್ತಿಲ್ಲ ನಾನು. ಊರು ಕೆಟ್ಟಿರುವುದು ನಿಜ. ಆದರೆ ಕೆಡಿಸಿದವರು ಯಾರು ಅನ್ನುವುದರಲ್ಲಿ ಅವರ ಬೆರಳು ತಪ್ಪು ಕಡೆಗೆ ತಿರುಗಿದೆ.

ಬೆಂಗಳೂರಿನ ನಡುವೆ ದೊಡ್ಡ ಹೊಳೆ ಯಾವುದೂ ಇಲ್ಲ. ಹಿಂದಿನವರು ಕೆರೆ ಕಟ್ಟಿ, ಒಂದು ಕೆರೆ ತುಂಬಿದರೆ ಇನ್ನೊಂದಕ್ಕೆ ನೀರು ಹರಿಯುವಂತೆ ಕಾಲುವೆ ತೆಗೆದಿದ್ದರು. ಅವೇ ರಾಜಕಾಲುವೆಗಳು. ಬೆಳ್ಳಂದೂರು ಕೆರೆಯ ಕೋಡಿ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಜನ ಬಂದರು, ಮನೆ ಎದ್ದಿತು, ಆದರೆ ಒಳಚರಂಡಿ ಬರಲಿಲ್ಲ. ಕೊಳಚೆಯೆಲ್ಲ ಕಾಲುವೆ ಸೇರಿ ಕೆರೆಗೆ ಹೋಯಿತು. 2015ರಲ್ಲಿ ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರಿನವರ ಮುಖಕ್ಕೆ ಮೆತ್ತಿದ್ದನ್ನು ಟೀವಿಯಲ್ಲಿ ನೀವೂ ನೋಡಿರುತ್ತೀರಿ. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿಕೊಂಡಿತು. ನೀರಿಗೆ ಬೆಂಕಿ! ಹೂಳೆತ್ತುವ ಕೆಲಸ ಶುರುವಾದದ್ದು ಆಮೇಲೆ. ಆ ನೊರೆಯಲ್ಲಿ ನಾವು ಬಟ್ಟೆಗೆ ಹಾಕುವ ಸೋಪಿನ ಪುಡಿಯ ಅಂಶವೂ ಇತ್ತು ಎಂಬುದನ್ನು ಗೃಹಿಣಿಯರಾದ ನಾವು ಮರೆಯಬಾರದು.

2022ರ ಸೆಪ್ಟೆಂಬರಿನಲ್ಲಿ ಒಂದೇ ಸಮನೆ ಮಳೆ ಸುರಿದಾಗ ನಗರದ ಪೂರ್ವ ಭಾಗ ಮುಳುಗಿತು. ಕೋಟಿಗಟ್ಟಲೆ ಬೆಲೆಯ ಬಂಗಲೆಗಳವರು, ಕಂಪ್ಯೂಟರ್ ಕೆಲಸದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಯಾವ ಟ್ರ್ಯಾಕ್ಟರಿಗೆ ಆ ಕಡೆ ಇನ್ನು ಹೊಲವಿಲ್ಲ ಅಂದುಕೊಂಡಿದ್ದೆವೋ, ಅದೇ ಕೈಹಿಡಿಯಿತು. ರಾಜಕಾಲುವೆ ಒತ್ತಿ ಕಟ್ಟಿದ್ದಕ್ಕೆ ನೀರು ತನ್ನ ದಾರಿ ತಾನೇ ಹುಡುಕಿಕೊಂಡಿತು, ಅಷ್ಟೆ. 2007ರಲ್ಲಿ ಮಹಾನಗರ ಪಾಲಿಕೆಯನ್ನು ‘ಬೃಹತ್’ ಮಾಡಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿದರು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಕೂಸು ಹುಟ್ಟಿ ಹದಿನೇಳು ವರ್ಷವಾದ ಮೇಲೆ ತೊಟ್ಟಿಲು ತಂದ ಹಾಗೆ! 2025ರಲ್ಲಿ ಆ ಬೃಹತ್ ಪಾಲಿಕೆಯನ್ನೂ ಒಡೆದು 5 ಪಾಲಿಕೆ ಮಾಡಿದ್ದಾರೆ. ಬಂದ ಜನರದಲ್ಲ ತಪ್ಪು. ಬಂದವರಿಗೆ ನೀರು, ಚರಂಡಿ ಮಾಡದೆ ಮನೆ ಮಾತ್ರ ಮಾರಿದವರದು, ಮಾರಲು ಬಿಟ್ಟವರದು.

ಇಷ್ಟು ಬುದ್ಧಿ ಹೇಳುವ ನನಗೇ ಇದು ತಡವಾಗಿ ಹೊಳೆಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮ ಚಿಕ್ಕಮ್ಮನ ಮನೆ ಕಾಡುಗೋಡಿ ಕಡೆ. ಚಿಕ್ಕಪ್ಪ ಕಾರ್ಖಾನೆಯಲ್ಲಿದ್ದಾಗ ಕೊಂಡ ಸೈಟು. ಚಿಕ್ಕಪ್ಪ ತೀರಿಕೊಂಡ ಮೇಲೆ ಮಾಳಿಗೆಯ ಮನೆ ಬಾಡಿಗೆಗೆ ಕೇಳಿಕೊಂಡು ಒಡಿಶಾದ ಒಂದು ಸಂಸಾರ ಬಂತು. ಗಂಡ ಒಂದು ದೊಡ್ಡ ಫ್ಲ್ಯಾಟಿನಲ್ಲಿ ವಾಚ್‌ಮನ್, ಹೆಂಡತಿ ಇಪ್ಪತ್ತೈದರ ಹುಡುಗಿ, ಒಂದು ಕೂಸು. “ಮೀನು ಬೇಯಿಸುತ್ತಾರೆ, ಭಾಷೆ ಬಾರದು, ನಮ್ಮವರೇ ಸಿಗೋವರೆಗೂ ಕಾಯಿರಿ” ಅಂತ ಚಿಕ್ಕಮ್ಮನಿಗೆ ಹೇಳಿದವಳು ನಾನೇ. ನಾಲ್ಕು ತಿಂಗಳು ಮನೆ ಖಾಲಿ ಬಿದ್ದಿತ್ತು. ನಮ್ಮವರು ಯಾರೂ ಬರಲಿಲ್ಲ. ಕೊನೆಗೆ ಚಿಕ್ಕಮ್ಮ ಅವರಿಗೇ ಕೊಟ್ಟರು.

2024ರ ಬೇಸಿಗೆ ನಿಮಗೆ ನೆನಪಿರಬೇಕು. ಆ ಬೀದಿಯ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಸರಕಾರ ಮಾರ್ಚಿಯಲ್ಲಿ ಟ್ಯಾಂಕರಿಗೆ ದರ ಕಟ್ಟಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ದರವೇನೋ ಕಟ್ಟಿದರು, ಟ್ಯಾಂಕರು ಬರಬೇಕಲ್ಲ? ಚಿಕ್ಕಮ್ಮನ ಸಂಪು ಅದರ ಅರ್ಧ ನೀರನ್ನೂ ಹಿಡಿಯದು. ಒಂಟಿ ಮನೆಗೆ ಬರಲು ಟ್ಯಾಂಕರಿನವರು ಒಲ್ಲೆ ಅಂದರು. ಎಪ್ಪತ್ತು ದಾಟಿದ ಚಿಕ್ಕಮ್ಮ ನನಗೆ ಫೋನು ಮಾಡಿ, “ಮಡಿಗೆ ಹೋಗಲಿ, ಮುಖ ತೊಳೆಯೋಕೂ ಅಳೆದು ಸುರಿಯೋ ಹಾಗಾಯ್ತಲ್ಲೇ” ಅಂತ ಅತ್ತರು. ನಾನು ಇಲ್ಲಿಂದ ಏನು ಮಾಡಲಿ?

ಮಾಡಿದವಳು ಆ ಒಡಿಶಾದ ಹುಡುಗಿ. ಗಂಡನ ಫ್ಲ್ಯಾಟಿಗೆ ದಿನಾ ಟ್ಯಾಂಕರು ಬರುತ್ತದೆ, ಡ್ರೈವರಿನ ಪರಿಚಯವಿದೆ. ಅವಳು ಅಕ್ಕಪಕ್ಕದ ಎರಡು ಮನೆಗೆ ಹೋಗಿ, ಬಂದಷ್ಟು ಕನ್ನಡದಲ್ಲೇ ಒಪ್ಪಿಸಿ, ಮೂರು ಮನೆಗೆ ಸೇರಿ ಒಂದು ಟ್ಯಾಂಕರು ಅಂತ ಗೊತ್ತುಮಾಡಿದಳು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರು ಬಂದರೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು, “ನೀರು ಬಂತು ಆಂಟಿ” ಅಂತ ಬಾಗಿಲು ತಟ್ಟುತ್ತಿದ್ದಳಂತೆ. ಆ ಎರಡು ಮನೆಯವರು ಇಪ್ಪತ್ತು ವರ್ಷದಿಂದ ನೆರೆಯವರು. ಚಿಕ್ಕಮ್ಮನಿಗೂ ಅವರಿಗೂ ಯಾವುದೋ ಮರದ ಎಲೆಯ ಜಗಳದಲ್ಲಿ ಮಾತು ನಿಂತಿತ್ತು. ಆ ಬೇಸಿಗೆಯಲ್ಲಿ ಮಾತು ಮತ್ತೆ ಶುರುವಾಯಿತು.

ಅವರ ಮನೆ ಪಾತ್ರೆ ತೊಳೆಯುವ ಹೆಂಗಸು ಕಲಬುರಗಿ ಕಡೆಯವಳು. ಅವಳೂ ಶೆಡ್ಡಿನವಳೇ, ಅಂದರೆ ‘ಎಲ್ಲೆಲ್ಲಿಂದಲೋ ಬಂದವಳೇ’. ಅವಳು ಚಿಕ್ಕಮ್ಮನಿಗೆ, “ನಮ್ಮೂರಾಗ ನೀರಿಲ್ಲಂತ ಈ ಕಡಿ ಬಂದ್ವಿ ಅಮ್ಮ, ಇಲ್ಲೂ ನೀರಿಲ್ಲಂದ್ರ ಎಲ್ಲಿಗಿ ಹೋಗೋದು?” ಅಂದಳಂತೆ. ಅದಕ್ಕೆ ಚಿಕ್ಕಮ್ಮನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಮೀನು ಬೇಯುವಾಗ ಚಿಕ್ಕಮ್ಮ ಈಗಲೂ ಕಿಟಕಿ ಹಾಕಿಕೊಳ್ಳುತ್ತಾರೆ. ಆದರೆ “ನಮ್ಮೋರು ಯಾರೂ ಇಲ್ಲ” ಅನ್ನುವ ಮಾತು ಅವರ ಬಾಯಿಂದ ಆಮೇಲೆ ನಾನು ಕೇಳಿಲ್ಲ.

ಈಗ ತಿಪಟೂರಿನ ಸೋದರಿಗೆ. ಅಲ್ಲಿ ಎಂಥ ಜನ ಇದ್ದಾರೆ ಅಂತ ವಿಚಾರಿಸಬೇಡಿ; ಎಂಥ ನೀರು ಇದೆ ಅಂತ ವಿಚಾರಿಸಿ. ಮಗನ ಜೊತೆ ನೀವೇ ಹೋಗಿ, ಒಂದು ಸಲ ಏಪ್ರಿಲಿನಲ್ಲಿ, ಒಂದು ಸಲ ಜೋರು ಮಳೆ ಬಂದ ಮರುದಿನ. ಮಾರುವವರನ್ನು ಕೇಳುವುದರ ಜೊತೆಗೆ ಅಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸರನ್ನೂ, ಕಾವಲಿನವರನ್ನೂ ಮಾತಾಡಿಸಿ. ಅವರು ಸುಳ್ಳು ಹೇಳಿ ಗಳಿಸುವುದು ಏನೂ ಇಲ್ಲ. ಕೇಳಬೇಕಾದ್ದು ಇಷ್ಟು:

ಕಾವೇರಿ ಸಂಪರ್ಕ ಕಾಗದದಲ್ಲಿದೆಯೋ, ನಲ್ಲಿಯಲ್ಲಿದೆಯೋ? ತಿಂಗಳಿಗೆ ಎಷ್ಟು ಟ್ಯಾಂಕರು ತರಿಸುತ್ತಾರೆ, ಆ ಖರ್ಚು ತಲೆಗೆ ಎಷ್ಟು ಬೀಳುತ್ತದೆ?

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಶುದ್ಧೀಕರಿಸುವ ಘಟಕ ನಿಜವಾಗಿ ಓಡುತ್ತಿದೆಯೋ, ಬೀಗ ಹಾಕಿದೆಯೋ?

ಜಾಗ ಕೆರೆಯ ಅಂಗಳವೋ, ರಾಜಕಾಲುವೆಯ ಪಕ್ಕವೋ? ಹಳೆಯ ಗ್ರಾಮನಕ್ಷೆಯಲ್ಲಿ ಸರ್ವೆ ನಂಬರು ನೋಡಿದರೆ ತಿಳಿಯುತ್ತದೆ.

ಕಟ್ಟಡ ಪೂರ್ತಿಯಾಗಿ ವಾಸಕ್ಕೆ ಯೋಗ್ಯ ಎಂಬ ಪತ್ರ ಸಿಕ್ಕಿದೆಯೇ? ಇದಕ್ಕೆ ಒ.ಸಿ. ಅನ್ನುತ್ತಾರೆ. ಹೊಸದಾಗಿ ಕಟ್ಟುತ್ತಿರುವುದಾದರೆ ‘ರೇರಾ’ದಲ್ಲಿ ನೋಂದಣಿ ಇದೆಯೇ?

ಇವಕ್ಕೆಲ್ಲ ಸಮಾಧಾನದ ಉತ್ತರ ಸಿಕ್ಕಿದರೆ, 2023ರಿಂದ ಮೆಟ್ರೋ ಕೂಡ ಓಡುತ್ತಿರುವ ಆ ಕಡೆ ಮಗ ಮನೆ ಮಾಡಲಿ, ತಪ್ಪಿಲ್ಲ. ಸಿಗದಿದ್ದರೆ ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲೇ ಇರಲಿ. ಯಾವುದಾದರೂ ಸರಿ, ತೋಟ ಮಾರಿದ ಹಣ ಹೋಗುವುದಾದರೆ ಮನೆಯ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ ಅಂತ ಈಗಲೇ ಬಾಯಿಬಿಟ್ಟು ಕೇಳಿ. ಪಿತ್ರಾರ್ಜಿತ ತೋಟವಾದರೆ ಮಗಳಿಗೂ ಸಮಪಾಲು ಇದೆ. 2005ರ ಕಾನೂನು ತಿದ್ದುಪಡಿ ಹಾಗೆ ಹೇಳುತ್ತದೆ. ಅವಳನ್ನೂ ಕೂರಿಸಿಕೊಂಡು ಮಾತಾಡಿ. ಆಮೇಲೆ ಮನಸ್ತಾಪ ಬೇಡ.

ಉಳಿದ ಸೋದರಿಯರೆ, ಇದು ಬೆಂಗಳೂರಿನ ಕಥೆ, ನಮಗೇಕೆ ಅಂದುಕೊಂಡಿರಾ? ನಿಮ್ಮ ಊರಾಚೆಯ ಕೆರೆಯ ಪಕ್ಕದಲ್ಲಿ ಕಲ್ಲು ನೆಟ್ಟು, ಬಣ್ಣದ ಬೋರ್ಡು ಹಾಕಿ, ‘ಹೊಸ ಬಡಾವಣೆ’ ಅಂತ ಸೈಟು ಮಾರುತ್ತಿಲ್ಲವೇ? ವೈಟ್‌ಫೀಲ್ಡ್ ಕಡೆ ಶುರುವಾದದ್ದೂ ಹೀಗೆಯೇ. ಸಂಜೆ ವಾಕಿಂಗ್ ಹೋದಾಗ ಆ ಕೆರೆಯ ಕಾಲುವೆ ಎಲ್ಲಿಗೆ ಬಂತು, ಎಲ್ಲಿಗೆ ನಿಂತಿತು ಅಂತ ಒಂದು ಸಲ ನೋಡಿ ಬನ್ನಿ. ಮುಚ್ಚಿದ್ದರೆ ನಾಲ್ಕು ಜನ ಹೆಂಗಸರು ಸೇರಿ ಪುರಸಭೆಗೆ ಹೋಗಿ ಕೇಳಿ. ಮತ್ತೆ ನಿಮ್ಮ ಬೀದಿಗೆ ಹೊಸಬರು ಬಂದರೆ, ಯಾವ ಊರಿನವರೇ ಆಗಲಿ, ಮೊದಲ ದಿನ ಒಂದು ಬಿಂದಿಗೆ ನೀರು ಕೊಟ್ಟು ಮಾತಾಡಿಸಿ.

ನೋಡಿ ಬಂದದ್ದನ್ನು ನನಗೆ ಬರೆಯುತ್ತೀರಲ್ಲ?